ಎದ್ದು ನಿಂತ ಮೇಲೂ ಒಸಡು ಬೆಳ್ಳಗಿತ್ತು

ನಾಯಿ ಸಾಕಿರುವವರು ಯಾರೇ ಸಿಕ್ಕರೂ ನಾನು ಒಂದು ಮಾತು ಕೇಳುತ್ತೇನೆ. ನಿಮ್ಮ ನಾಯಿ ಆರೋಗ್ಯವಾಗಿದ್ದಾಗ ಅದರ ಒಸಡು ಯಾವ ಬಣ್ಣ ಇರುತ್ತೆ, ನೋಡಿದ್ದೀರಾ? ಬಹಳ ಜನ ನೋಡಿರುವುದಿಲ್ಲ. ಮೇಲ್ತುಟಿ ಎತ್ತಿ ಕೋರೆಹಲ್ಲಿನ ಮೇಲ್ಭಾಗ ನೋಡಿದರೆ ಸಾಕು. ತಿಳಿ ಗುಲಾಬಿ ಇರಬೇಕು. ಬೆರಳಲ್ಲಿ ಒತ್ತಿ ಬಿಟ್ಟರೆ ಆ ಜಾಗ ಬಿಳಿಯಾಗಿ, 2 ಸೆಕೆಂಡಿನೊಳಗೆ ಮತ್ತೆ ಗುಲಾಬಿಗೆ ತಿರುಗಬೇಕು. ಕೆಲವು ನಾಯಿಗಳಿಗೆ ಒಸಡೇ ಕಪ್ಪು. ಅಂಥವಕ್ಕೆ ಕಣ್ಣಿನ ಕೆಳರೆಪ್ಪೆ ಸ್ವಲ್ಪ ಜಗ್ಗಿ ಒಳಗಿನ ಬಣ್ಣ ನೋಡಬೇಕು. ಚೆನ್ನಾಗಿದ್ದಾಗ ನೋಡಿ ಇಟ್ಟುಕೊಂಡಿದ್ದರೆ, ಕೆಟ್ಟಾಗ ಕಣ್ಣಿಗೆ ತಕ್ಷಣ ಹೊಡೆಯುತ್ತದೆ.

ನಮ್ಮ ಕೆಂಚ ಬದುಕಿದ್ದು ಇದರಿಂದಲೇ. ಜರ್ಮನ್ ಶೆಫರ್ಡಿಗೂ ನಾಟಿ ನಾಯಿಗೂ ಹುಟ್ಟಿದವನು. ತೂಕ 28 ಕೆಜಿ. ಇದೆಲ್ಲ ನಡೆದಾಗ ಅವನಿಗೆ 9 ವರ್ಷ. ತುಮಕೂರಿನಲ್ಲಿ ನಮ್ಮದು ಹಿತ್ತಲಿರುವ ಹಳೇ ಮನೆ. ಆ ಹಿತ್ತಲಿಗೆ ಅವನೇ ಯಜಮಾನ.

ಮಾರ್ಚ್ ತಿಂಗಳ ಒಂದು ಸಂಜೆ. ಕಾಂಪೌಂಡ್ ಮೇಲೆ ಬೆಕ್ಕು ಕಾಣಿಸಿತು ಅಂತ ಕೆಂಚ ಬೊಗಳುತ್ತಾ ಓಡಿದ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗುವಷ್ಟರಲ್ಲಿ ಹಿಂಗಾಲು ಕುಸಿಯಿತು. ಒಂದು ಕ್ಷಣ ಕೂತಂತೆ ಕಂಡ. ಆಮೇಲೆ ಪಕ್ಕಕ್ಕೆ ವಾಲಿ ಮಲಗಿಬಿಟ್ಟ. ನಾನು ಬಟ್ಟೆ ಎತ್ತುತ್ತಿದ್ದೆ, ಎಲ್ಲ ಅಲ್ಲೇ ಬಿಟ್ಟು ಓಡಿದೆ. ಕಣ್ಣು ತೆರೆದೇ ಇತ್ತು. ಕೈಕಾಲು ಬಿಗಿಯಾಗಿರಲಿಲ್ಲ, ಜೋತುಬಿದ್ದಿದ್ದವು. ಬಾಯಲ್ಲಿ ನೊರೆ ಇಲ್ಲ. ಉಸಿರು ಮಾತ್ರ ಮೇಲಿಂದ ಮೇಲೆ ಓಡುತ್ತಿತ್ತು.

ಅಮ್ಮ ಬಂದು, 'ಬಿಸಿಲು ಬಡಿದಿರಬೇಕು ಕಣೇ' ಅಂದರು. ಪಕ್ಕದ ಮನೆ ಅಜ್ಜಿ ಮೂರ್ಛೆ ರೋಗ ಅಂದುಕೊಂಡು ಬೀಗದ ಕೈ ಗೊಂಚಲು ತಂದರು. ಅಪ್ಪ ಲೋಟದಲ್ಲಿ ಗ್ಲೂಕೋಸ್ ನೀರು ಕಲಸಿಕೊಂಡು ಬಂದರು. ಎಲ್ಲರದೂ ಪ್ರೀತಿಯೇ. ಆದರೆ ಬಿದ್ದಿರುವ ನಾಯಿಯ ಬಾಯಿಗೆ ನೀರು ಹೊಯ್ಯಬಾರದು. ನುಂಗುವ ಶಕ್ತಿ ಇಲ್ಲದಾಗ ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ನಮ್ಮ ಡಾಕ್ಟರ್ ಹಿಂದೊಮ್ಮೆ ಬೇರೆ ನಾಯಿಯ ವಿಷಯದಲ್ಲಿ ಹೇಳಿದ್ದು ನೆನಪಿತ್ತು. 'ಅಪ್ಪ, ಬೇಡ, ಮೊದಲು ಫೋನ್ ಮಾಡೋಣ' ಅಂದೆ. ಅಣ್ಣ ಆಗಲೇ ಮೊಬೈಲ್‌ನಲ್ಲಿ ವಿಡಿಯೋ ಹಿಡಿಯುತ್ತಿದ್ದ. ಅದನ್ನು ನೋಡಿ ಅಜ್ಜಿಗೆ ಸ್ವಲ್ಪ ಬೇಜಾರಾಯಿತು. ಆಮೇಲೆ ಡಾಕ್ಟರ್‌ಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಆ ವಿಡಿಯೋ.

ಫೋನಿನಲ್ಲಿ ಡಾಕ್ಟರ್ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಅವೇ ಪ್ರಶ್ನೆಗಳನ್ನು ನಾವೂ ಕೇಳಿಕೊಳ್ಳಬಹುದು. ಬಿದ್ದಾಗ ಮೈ ಸೆಟೆದುಕೊಂಡಿತ್ತಾ, ಮೆತ್ತಗಿತ್ತಾ? ಕಾಲು ಸೈಕಲ್ ತುಳಿದ ಹಾಗೆ ಆಡುತ್ತಿದ್ದವಾ? ದವಡೆ ಕಡಿಯುತ್ತಿತ್ತಾ? ಹೆಸರು ಕರೆದರೆ ಕಿವಿ ಅಲ್ಲಾಡುತ್ತಾ? ಹೊಟ್ಟೆ ಉಬ್ಬಿದೆಯಾ, ವಾಂತಿ ಮಾಡಲು ಹೋಗಿ ಏನೂ ಬರದೆ ಒದ್ದಾಡುತ್ತಿದ್ದಾನಾ? ಮುಖ ಊದಿದೆಯಾ, ಹಿತ್ತಲಲ್ಲಿ ಹಾವು ಓಡಾಡುತ್ತಾ? ಇಲಿ ಪಾಷಾಣ ಎಲ್ಲಾದರೂ ಇಟ್ಟಿದ್ದೀರಾ?

ಫಿಟ್ಸ್ ಬಂದು ಬೀಳುವುದಕ್ಕೂ ತಲೆಸುತ್ತಿ ಬೀಳುವುದಕ್ಕೂ ವ್ಯತ್ಯಾಸ ಇದೆ. ಫಿಟ್ಸ್‌ನಲ್ಲಿ ಸಾಮಾನ್ಯವಾಗಿ ಮೈ ಬಿಗಿಯಾಗುತ್ತದೆ, ಕಾಲು ಅದುರುತ್ತವೆ, ಜೊಲ್ಲು ಸುರಿಯುತ್ತದೆ. ನಿಂತ ಮೇಲೂ ನಾಯಿಗೆ ಸ್ವಲ್ಪ ಹೊತ್ತು ದಿಕ್ಕು ತಿಳಿಯುವುದಿಲ್ಲ. ಗೋಡೆಗೆ ಡಿಕ್ಕಿ ಹೊಡೆಯುತ್ತದೆ, ಮನೆಯವರ ಗುರುತೂ ಹತ್ತುವುದಿಲ್ಲ. ಆಗ ಬಾಯಿಗೆ ಕೈ ಹಾಕಲೇಬಾರದು. ಸುತ್ತಲಿನ ಸಾಮಾನು ಸರಿಸಿ, ಗಡಿಯಾರ ನೋಡುತ್ತಾ ಇರಬೇಕು. 5 ನಿಮಿಷ ದಾಟಿದರೆ ತಕ್ಷಣ ಆಸ್ಪತ್ರೆಗೆ ಹೊರಡಬೇಕು. ಮೆದುಳಿಗೆ ರಕ್ತ ಸಾಲದೆ ಬೀಳುವ ನಾಯಿ ಹಾಗಲ್ಲ. ಮೆತ್ತಗೆ ಕುಸಿಯುತ್ತದೆ, ಎದ್ದ ಕೂಡಲೇ ನಮ್ಮನ್ನು ಗುರುತು ಹಿಡಿಯುತ್ತದೆ. ಮೂತ್ರ ಹೋಗುವುದು ಎರಡರಲ್ಲೂ ಆಗಬಹುದು, ಅದನ್ನೇ ನೆಚ್ಚಿಕೊಂಡು ತೀರ್ಮಾನ ಮಾಡಬಾರದು.

ಇಷ್ಟು ಮಾತಾಡುವಷ್ಟರಲ್ಲಿ ಕೆಂಚ ತಲೆ ಎತ್ತಿದ. ಆಮೇಲೆ ಮುಂಗಾಲು ಊರಿ, ಒಂದು ಸಲ ತಡವರಿಸಿ, ಎದ್ದು ನಿಂತ. ನನ್ನ ಕೈ ನೆಕ್ಕಿದ. ಅಮ್ಮ ಕೈ ಮುಗಿದು 'ಸದ್ಯ, ಎದ್ದನಲ್ಲಪ್ಪ' ಅಂದರು. ಬಾಲವೂ ಅಲ್ಲಾಡಿತು. ಅಜ್ಜಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ಎಲ್ಲರ ಮುಖದಲ್ಲೂ ಗೆಲುವು ಬಂತು.

ನಾನು ಫೋನಿನಲ್ಲಿ, 'ಸರ್, ಎದ್ದುಬಿಟ್ಟ' ಅಂದೆ.

'ಎದ್ದನಾ? ಒಳ್ಳೇದು. ಈಗ ತುಟಿ ಎತ್ತಿ ಒಸಡು ನೋಡಮ್ಮಾ. ನೋಡಿ ಬಣ್ಣ ಹೇಳು.'

ಎತ್ತಿ ನೋಡಿದೆ. ಹಲ್ಲಿಗೂ ಒಸಡಿಗೂ ಬಣ್ಣದಲ್ಲಿ ಅಂಥ ವ್ಯತ್ಯಾಸವೇ ಇರಲಿಲ್ಲ. ಬೆಂದ ಅಕ್ಕಿಹಿಟ್ಟಿನ ಮುದ್ದೆಯ ಹಾಗಿತ್ತು. ಒತ್ತಿ ಬಿಟ್ಟರೆ ಬಣ್ಣ ವಾಪಸ್ ಬಂತೋ ಇಲ್ಲವೋ ಅಂತ ಹೇಳಲಿಕ್ಕೂ ಆಗಲಿಲ್ಲ, ಬರಲು ಬಣ್ಣವೇ ಇರಲಿಲ್ಲ. ಮುಟ್ಟಿದರೆ ತಣ್ಣಗಿತ್ತು.

'ಬೆಳ್ಳಗಿದೆ ಸರ್.'

'ಹಿಂಗಾಲಿನ ತೊಡೆ ಒಳಗಡೆ, ಮೇಲಕ್ಕೆ, ಬೆರಳಿಟ್ಟು ನಾಡಿ ಹುಡುಕು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸು.'

ನಾಡಿ ಸಿಕ್ಕಿತು. ತೆಳುವಾಗಿತ್ತು, ಬಹಳ ಓಡುತ್ತಿತ್ತು. ನಿಮಿಷಕ್ಕೆ 168. ಅವನ ಗಾತ್ರದ ನಾಯಿ ಸುಮ್ಮನಿರುವಾಗ ಸಾಮಾನ್ಯವಾಗಿ 60ರಿಂದ 100ರ ಆಸುಪಾಸು ಇರುತ್ತದೆ. ಡಾಕ್ಟರ್ ಧ್ವನಿ ಬದಲಾಯಿತು. 'ನಡೆಸಬೇಡಿ. ಮೆಟ್ಟಿಲು ಇಳಿಸಬೇಡಿ. ಬೆಡ್‌ಶೀಟ್ ಮೇಲೆ ಎತ್ತಿಕೊಂಡು ಈಗಲೇ ಬನ್ನಿ. ಹೊಟ್ಟೆ ಕೆಳಗೆ ಕೈ ಕೊಟ್ಟು ಎತ್ತಬೇಡಿ. ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ.' ಮನುಷ್ಯರ ಮಾತ್ರೆಗಳ ಬಗ್ಗೆ ಅವರು ಯಾವಾಗಲೂ ಕಟ್ಟುನಿಟ್ಟು. ಆಸ್ಪಿರಿನ್ ಥರದ್ದು ರಕ್ತ ಹೆಪ್ಪುಗಟ್ಟುವುದನ್ನೇ ತಡೆಯುತ್ತದೆ. ಒಳಗೆ ರಕ್ತ ಸೋರುತ್ತಿದ್ದರೆ ಅದು ವಿಷವೇ ಸರಿ.

ಅಪ್ಪ, 'ಎದ್ದು ನಿಂತಿದ್ದಾನಲ್ಲಮ್ಮ, ಬೆಳಿಗ್ಗೆ ಹೋದರಾಗಲ್ವಾ' ಅಂದರು. ಕೇಳುವುದು ಸಹಜ. ನೋಡಿದರೆ ಕೆಂಚ ನೀರಿನ ಬಟ್ಟಲ ಕಡೆ ನಡೆಯುತ್ತಿದ್ದ. ನಾನು ಮತ್ತೆ ತುಟಿ ಎತ್ತಿ ಅಪ್ಪನಿಗೆ ತೋರಿಸಿದೆ. ಅವರು ಮರುಮಾತಾಡದೆ ಬೆಡ್‌ಶೀಟ್ ತರಲು ಒಳಗೆ ಹೋದರು.

ಬೇರೆ ಬಣ್ಣಗಳ ಬಗ್ಗೆಯೂ ಹೇಳಿಬಿಡುತ್ತೇನೆ. ನೀಲಿ ಅಥವಾ ಬೂದು ಅಂದರೆ ಆಮ್ಲಜನಕ ಸಾಲುತ್ತಿಲ್ಲ, ಹೃದಯ ಅಥವಾ ಉಸಿರಿನ ತೊಂದರೆ. ಇಟ್ಟಿಗೆ ಕೆಂಪು ಅಂದರೆ ಬಿಸಿಲಿನ ಹೊಡೆತ ಇರಬಹುದು, ಮೈಯೊಳಗೆ ಸೋಂಕು ಹರಡಿದ್ದೂ ಇರಬಹುದು. ಹಳದಿ ಅಂದರೆ ಲಿವರ್ ತೊಂದರೆ, ಇಲ್ಲವೇ ನಮ್ಮ ಕಡೆ ಬಹಳ ಕಾಣುವ, ಉಣ್ಣೆ ಹುಳು ಕಚ್ಚಿ ಬರುವ ಉಣ್ಣೆ ಜ್ವರ. ಬಿಸಿಲು ಹೊಡೆದ ನಾಯಿಗೆ ಮೈ ಸುಡುತ್ತಿರುತ್ತದೆ, 104–105 ಡಿಗ್ರಿ ಫ್ಯಾರನ್‌ಹೀಟ್ ದಾಟಿರುತ್ತದೆ. ಅಂಥ ನಾಯಿಗೆ ತಣ್ಣೀರು ಸುರಿದು ಫ್ಯಾನ್ ಹಾಕಿಕೊಂಡೇ ಆಸ್ಪತ್ರೆಗೆ ಒಯ್ಯಬೇಕು. ಕೆಂಚನಿಗೆ ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಾಗ 100ಕ್ಕಿಂತ ಕಮ್ಮಿ ಇತ್ತು. ನಾಯಿಗೆ 100.5ರಿಂದ 102.5 ಸಹಜ. ಹಾಗಾಗಿ ಅಮ್ಮನ ಬಿಸಿಲಿನ ಅನುಮಾನ ಅಲ್ಲೇ ಬಿದ್ದುಹೋಯಿತು.

ಕಾರಿನ ಹಿಂದಿನ ಸೀಟಿನಲ್ಲಿ ಅವನ ತಲೆ ನನ್ನ ತೊಡೆ ಮೇಲೆ. ದಾರಿಯಲ್ಲಿ ಮತ್ತೆ ಪ್ರಜ್ಞೆ ತಪ್ಪಿ ಉಸಿರು ನಿಂತರೆ ಏನು ಮಾಡಬೇಕು ಅಂತ ಡಾಕ್ಟರ್ ಸ್ಪೀಕರ್‌ನಲ್ಲಿ ಹೇಳುತ್ತಾ ಬಂದರು. ಪಕ್ಕಕ್ಕೆ ಮಲಗಿಸಿ, ಎದೆ ಅತಿ ಅಗಲ ಇರುವ ಜಾಗದಲ್ಲಿ ಎರಡೂ ಅಂಗೈ ಇಟ್ಟು ಒತ್ತಬೇಕು. ಎದೆಯ ಅಗಲದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಒಳಗೆ ಹೋಗಬೇಕು. ನಿಮಿಷಕ್ಕೆ 100ರಿಂದ 120 ಒತ್ತು. 30 ಒತ್ತಿದ ಮೇಲೆ ಬಾಯಿ ಮುಚ್ಚಿ ಹಿಡಿದು ಮೂಗಿನ ಮೂಲಕ 2 ಸಲ ಗಾಳಿ ಊದಬೇಕು. ಇದು ಪಶುವೈದ್ಯರ 'ರಿಕವರ್' ಮಾರ್ಗಸೂಚಿಯಲ್ಲಿರುವ ಲೆಕ್ಕ. ಮೊದಲು 2012ರಲ್ಲಿ ಬಂತು, 2024ರಲ್ಲಿ ಮತ್ತೆ ತಿದ್ದಿದರು. ಉಸಿರಾಡುತ್ತಿರುವ ನಾಯಿಗೆ ಇದನ್ನು ಮಾಡಬಾರದು ಅಂತ ಡಾಕ್ಟರ್ ಒತ್ತಿ ಹೇಳಿದರು. ಪುಣ್ಯಕ್ಕೆ ನನಗೆ ಮಾಡುವ ಪ್ರಸಂಗ ಬರಲಿಲ್ಲ. ಆದರೆ ಕೈ ಎಲ್ಲಿ ಇಡಬೇಕು ಅಂತ ಗೊತ್ತಿದ್ದರೆ ಕೂತ ಜಾಗದಲ್ಲಿ ಧೈರ್ಯ ಇರುತ್ತದೆ.

ಕ್ಲಿನಿಕ್‌ನಲ್ಲಿ ಡಾಕ್ಟರ್ ಒಂದು ಕಡೆಯಿಂದ ಹೊಟ್ಟೆಗೆ ಮೆಲ್ಲಗೆ ತಟ್ಟಿ ಇನ್ನೊಂದು ಕಡೆ ಅಂಗೈ ಇಟ್ಟು ನೋಡಿದರು. ಒಳಗೆ ದ್ರವ ತುಂಬಿದ್ದರೆ ಅಲೆ ಎದ್ದು ಆ ಕೈಗೆ ತಾಗುತ್ತದಂತೆ. ಆಮೇಲೆ ಹೊಟ್ಟೆಯ ಒಂದು ಕಡೆ ಕೂದಲು ಬೋಳಿಸಿ, ಸ್ಪಿರಿಟ್ ಒರೆಸಿ, ಸಣ್ಣ ಸೂಜಿ ಚುಚ್ಚಿದರು. ಸಿರಿಂಜ್‌ಗೆ ಗಾಢ ಕೆಂಪು ದ್ರವ ಬಂತು. ನನಗೆ ಎದೆ ಧಸಕ್ ಅಂತು. ಅವರು ಅದನ್ನು ಏನೂ ಔಷಧ ಹಾಕಿರದ ಗಾಜಿನ ಕೊಳವೆಗೆ ಬಿಟ್ಟು ಮೇಜಿನ ಮೇಲೆ ನಿಲ್ಲಿಸಿ, 'ಇದನ್ನ ನೋಡ್ತಾ ಇರಿ' ಅಂತ ಹೇಳಿ ಡ್ರಿಪ್ ಹಾಕಲು ತಿರುಗಿದರು. ಮುಂಗಾಲಿನ ರಕ್ತನಾಳ ಅಷ್ಟು ಸುಲಭಕ್ಕೆ ಸಿಗಲಿಲ್ಲ, ಒತ್ತಡ ಅಷ್ಟು ಇಳಿದಿತ್ತು. ನಾನು ಕೊಳವೆಯನ್ನೇ ನೋಡುತ್ತಿದ್ದೆ. ಆಗಾಗ ಎತ್ತಿ ಓರೆ ಮಾಡಿದರೆ ಒಳಗಿನದು ನೀರಿನ ಹಾಗೆ ಹರಿಯುತ್ತಿತ್ತು. ಹೆಪ್ಪುಗಟ್ಟಲೇ ಇಲ್ಲ.

'ಹೆಪ್ಪುಗಟ್ಟಿದ್ದರೆ ನಾನು ಸೂಜಿ ಎಲ್ಲೋ ರಕ್ತನಾಳಕ್ಕೋ ಅಂಗಕ್ಕೋ ಚುಚ್ಚಿದೀನಿ ಅಂತ ಅರ್ಥ' ಅಂದರು. 'ಗಟ್ಟಿಯಾಗಲಿಲ್ಲ ಅಂದರೆ ಇದು ಆಗಲೇ ಹೊಟ್ಟೆಯೊಳಗೆ ಸೋರಿ ನಿಂತಿರೋ ರಕ್ತ. ಗುಲ್ಮ ಒಡೆದಿರಬೇಕು.'

ಗುಲ್ಮ ಅಂದರೆ ಸ್ಪ್ಲೀನ್. ಹೊಟ್ಟೆಯ ಎಡಭಾಗದಲ್ಲಿ ನಾಲಗೆಯಂತೆ ಉದ್ದಕ್ಕಿರುತ್ತದೆ. ಅದರ ತುಂಬ ರಕ್ತ. ವಯಸ್ಸಾದ ದೊಡ್ಡ ನಾಯಿಗಳಲ್ಲಿ, ಅದರಲ್ಲೂ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್‌ಗಳಲ್ಲಿ ಅದರ ಮೇಲೆ ಗಡ್ಡೆ ಬೆಳೆಯುವುದು ಜಾಸ್ತಿ. ಗಡ್ಡೆ ಬೆಳೆಯುವಾಗ ನೋವಿರುವುದಿಲ್ಲ, ನಾಯಿ ತಿನ್ನುತ್ತದೆ, ಆಡುತ್ತದೆ. ಒಂದು ದಿನ ಗಡ್ಡೆ ಬಿರಿಯುತ್ತದೆ.

ಮತ್ತೆ ಎದ್ದು ನಿಂತದ್ದು ಹೇಗೆ? ಇದನ್ನು ನಾನು ಡಾಕ್ಟರ್ ಹತ್ತಿರ ಎರಡೆರಡು ಸಲ ಕೇಳಿ ತಿಳಿದುಕೊಂಡೆ. ರಕ್ತ ಸೋರಿದಾಗ ಒತ್ತಡ ಇಳಿಯುತ್ತದೆ, ನಾಯಿ ಬೀಳುತ್ತದೆ. ಒತ್ತಡ ಇಳಿದದ್ದರಿಂದಲೇ ಸೋರಿಕೆಯೂ ಕಮ್ಮಿಯಾಗುತ್ತದೆ, ಬಿರುಕಿನ ಬಾಯಿಗೆ ಹೆಪ್ಪು ಕೂರುತ್ತದೆ. ಹೃದಯ ಜೋರಾಗಿ ಓಡಿ, ಕೈಕಾಲಿನ ರಕ್ತನಾಳ ಬಿಗಿಯಾಗಿ, ಉಳಿದ ರಕ್ತ ಮುಖ್ಯ ಅಂಗಗಳಿಗೆ ಹೋಗುತ್ತದೆ. ಮುಂದಿನ ದಿನಗಳಲ್ಲಿ ಹೊಟ್ಟೆಯೊಳಗೆ ನಿಂತ ರಕ್ತದಲ್ಲಿ ಒಂದಷ್ಟನ್ನು ಮೈ ವಾಪಸ್ ಹೀರಿಕೊಳ್ಳುತ್ತದೆ. ನಾಯಿ ಎದ್ದು ಓಡಾಡುತ್ತದೆ. ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಆದರೆ ಆ ಹೆಪ್ಪು ಒಂದು ಜಿಗಿತಕ್ಕೆ, ಒಂದು ಬೊಗಳಿಗೆ ಕಳಚಬಹುದು. ಎರಡನೇ ಸಲ ಬಿದ್ದ ನಾಯಿ ಏಳುತ್ತೆ ಅನ್ನುವ ಭರವಸೆ ಇಲ್ಲ. 'ಒಂದು ದಿನ ಮಂಕಾಗಿದ್ದು, ಊಟ ಬಿಟ್ಟು, ಮಾರನೇ ದಿನ ಸರಿಹೋಗಿದ್ದ ಉಂಟಾ?' ಅಂತ ಡಾಕ್ಟರ್ ಕೇಳಿದರು. ಉಂಟು. ಶಿವರಾತ್ರಿ ಸುಮಾರಿಗೆ ಒಂದು ದಿನ ರಾಗಿ ಗಂಜಿ ಮುಟ್ಟಿರಲಿಲ್ಲ. ಮರುದಿನ ಎರಡು ಪಾಲು ತಿಂದಿದ್ದ. ಅದೂ ಒಂದು ಸಣ್ಣ ಸೋರಿಕೆ ಇದ್ದಿರಬಹುದು ಅಂದರು.

ರಕ್ತ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಆಗಷ್ಟೇ ಸೋರಿಕೆ ಆಗಿದ್ದರೆ ರಕ್ತದಲ್ಲಿ ಕೆಂಪುಕಣದ ಪ್ರಮಾಣ ರಿಪೋರ್ಟಿನಲ್ಲಿ ಹೆಚ್ಚುಕಮ್ಮಿ ಸರಿಯಾಗೇ ಕಾಣಬಹುದು. ಹೋಗಿರುವುದು ಇಡೀ ರಕ್ತ, ಕೆಂಪುಕಣ ಮಾತ್ರ ಅಲ್ಲವಲ್ಲ. ಮೈಯೊಳಗಿನ ನೀರು ರಕ್ತನಾಳಕ್ಕೆ ಸೇರಿ ತೆಳುವಾದ ಮೇಲೆ ಸಂಖ್ಯೆ ಬೀಳುತ್ತದೆ. ಪ್ರೋಟೀನ್ ಮೊದಲು ಇಳಿಯುತ್ತದಂತೆ. ಹಾಗಾಗಿ 'ಬ್ಲಡ್ ರಿಪೋರ್ಟ್ ನಾರ್ಮಲ್ ಇದೆ' ಅಂತ ಮನೆಗೆ ಹೊರಡುವ ಮುಂಚೆ ಹೊಟ್ಟೆಯ ಸ್ಕ್ಯಾನ್ ಆಗಿದೆಯಾ ಅಂತ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಆಪರೇಷನ್ ಆಗಬೇಕು, ರಕ್ತ ಬೇಕು, ರಾತ್ರಿಯೇ ಆಗಬೇಕು. ಅದಕ್ಕೆ ಬೆಂಗಳೂರೇ ಗತಿ. ಡಾಕ್ಟರ್ ತಮಗೆ ಗೊತ್ತಿದ್ದ ಒಂದು ಖಾಸಗಿ ಆಸ್ಪತ್ರೆಗೆ ಫೋನ್ ಮಾಡಿ ಹೇಳಿದರು. ಡ್ರಿಪ್ ಬಾಟಲಿಯನ್ನು ಕಾರಿನ ಕಿಟಕಿ ಮೇಲಿನ ಹಿಡಿಗೆ ಬಟ್ಟೆದಾರದಲ್ಲಿ ಕಟ್ಟಿದೆವು. ಹೆದ್ದಾರಿಯಲ್ಲಿ 70 ಕಿಲೋಮೀಟರ್. ಕ್ಯಾತ್ಸಂದ್ರ, ದಾಬಸ್‌ಪೇಟೆ ದಾಟಿ ನೆಲಮಂಗಲ ಬರುವವರೆಗೆ ಅಣ್ಣ ಒಂದು ಮಾತೂ ಆಡಲಿಲ್ಲ. ನಾನು ಪ್ರತಿ 5 ನಿಮಿಷಕ್ಕೆ ಒಸಡು, ಉಸಿರು, ನಾಡಿ ನೋಡಿ ಮೊಬೈಲ್‌ನಲ್ಲಿ ಬರೆದುಕೊಳ್ಳುತ್ತಿದ್ದೆ. ಆ ಪಟ್ಟಿಯನ್ನು ಬೆಂಗಳೂರಿನ ಆಸ್ಪತ್ರೆಯ ಡಾಕ್ಟರ್ ಮೇಡಂ ನೇರವಾಗಿ ಕೇಸ್ ಶೀಟಿಗೆ ಇಳಿಸಿಕೊಂಡರು.

ಇತ್ತ ಅತ್ತಿಗೆ ಮನೆಯಲ್ಲಿ ಕೂತು ರಕ್ತದಾನಿ ನಾಯಿ ಹುಡುಕುತ್ತಿದ್ದರು. ನಾಯಿಗೆ ನಾಯಿಯದೇ ರಕ್ತ ಆಗಬೇಕು. ಬೆಂಗಳೂರಿನ ನಾಯಿ ಸಾಕುವವರ ವಾಟ್ಸಾಪ್ ಗ್ರೂಪುಗಳಲ್ಲಿ ಸುದ್ದಿ ಹಾಕಿದರು. ಯಶವಂತಪುರದ ಕಡೆಯ ಒಂದು ಮನೆಯವರು, ನಮ್ಮ ಮುಖ ಪರಿಚಯವೂ ಇಲ್ಲದವರು, ಊಟ ಅರ್ಧಕ್ಕೆ ಬಿಟ್ಟು ತಮ್ಮ ಲ್ಯಾಬ್ರಡಾರ್ ಕರೆದುಕೊಂಡು ಆಸ್ಪತ್ರೆಗೆ ನಮಗಿಂತ ಮೊದಲೇ ಬಂದಿದ್ದರು. ದಾನಿ ನಾಯಿ 25 ಕೆಜಿಗಿಂತ ಹೆಚ್ಚು ತೂಗಬೇಕು, 1ರಿಂದ 8 ವರ್ಷದೊಳಗಿರಬೇಕು, ಲಸಿಕೆ ಆಗಿರಬೇಕು, ಉಣ್ಣೆ ಜ್ವರ ಇರಬಾರದು. ಕುತ್ತಿಗೆಯ ರಕ್ತನಾಳದಿಂದ ತೆಗೆಯುತ್ತಾರೆ. ಆ ಹುಡುಗಿ, ಹೌದು, ಹೆಣ್ಣು ನಾಯಿ, ಮೇಜಿನ ಮೇಲೆ ಮಲಗಿ ತನ್ನ ಯಜಮಾನರ ಕೈಯಲ್ಲಿದ್ದ ಬಿಸ್ಕತ್ತು ನೋಡುತ್ತಾ ಅಲ್ಲಾಡದೆ ಇದ್ದಳು. ಬ್ಯಾಗ್ ತುಂಬುತ್ತಿತ್ತು. ನಾಯಿಗಳಲ್ಲೂ ರಕ್ತದ ಗುಂಪುಗಳಿವೆ. ಆದರೆ ಹುಟ್ಟಿನಿಂದ ಬೇರೆ ಗುಂಪಿನ ವಿರುದ್ಧ ಬಲವಾದ ಪ್ರತಿರೋಧ ಇರುವುದಿಲ್ಲ. ಹಾಗಾಗಿ ಮೊದಲ ಸಲದ ರಕ್ತ ಸಾಮಾನ್ಯವಾಗಿ ಒಗ್ಗುತ್ತದೆ. ಎರಡನೇ ಸಲ ಬೇಕಾದರೆ ಹೊಂದಿಸಿ ನೋಡಲೇಬೇಕು.

ಸ್ಕ್ಯಾನ್‌ನಲ್ಲಿ ಹೊಟ್ಟೆ ತುಂಬ ಕಪ್ಪು. ಅದೇ ರಕ್ತ. ಅದರ ನಡುವೆ ಗುಲ್ಮದ ಒಂದು ತುದಿಯಲ್ಲಿ ದೊಡ್ಡ ಗಡ್ಡೆ. ಎದೆಯ ಎಕ್ಸ್‌ರೇ ತೆಗೆದರು, ಹೃದಯವನ್ನೂ ಸ್ಕ್ಯಾನ್ ಮಾಡಿದರು. ಗುಲ್ಮದಲ್ಲಿ ಬರುವ ಕೆಟ್ಟ ಕ್ಯಾನ್ಸರ್, ಹೀಮ್ಯಾಂಜಿಯೋಸಾರ್ಕೋಮಾ, ಹೃದಯದ ಬಲ ಕೋಣೆಗೂ ಶ್ವಾಸಕೋಶಕ್ಕೂ ಲಿವರ್‌ಗೂ ಹರಡುತ್ತದೆ. ಹೃದಯದಲ್ಲೂ ಶ್ವಾಸಕೋಶದಲ್ಲೂ ಏನೂ ಕಾಣಲಿಲ್ಲ.

ಆಮೇಲೆ ಮೇಡಂ ನಮ್ಮನ್ನು ಪಕ್ಕದ ಕೋಣೆಗೆ ಕರೆದು ಕೂರಿಸಿದರು. ಮುಚ್ಚುಮರೆ ಮಾಡಲಿಲ್ಲ. 'ಗುಲ್ಮದ ಗಡ್ಡೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಕ್ಯಾನ್ಸರೇ ಇರುತ್ತವೆ. ಅದರಲ್ಲೂ ಬಹುಪಾಲು ಕೆಟ್ಟ ಜಾತಿಯದು. ಅದಾಗಿದ್ದರೆ ಆಪರೇಷನ್ ಆದರೂ ಕೆಲವು ತಿಂಗಳು ಅಷ್ಟೇ. ಕೀಮೋ ಕೊಟ್ಟರೆ ಇನ್ನೂ ಸ್ವಲ್ಪ. ಉಳಿದ ಮೂರರಲ್ಲಿ ಒಂದು, ಸುಮ್ನೆ ರಕ್ತ ಗಡ್ಡೆ ಅಥವಾ ಕೆಟ್ಟದ್ದಲ್ಲದ ಬೆಳವಣಿಗೆ. ಗುಲ್ಮ ತೆಗೆದರೆ ಆ ಕಾಯಿಲೆ ಮುಗೀತು. ಯಾವುದು ಅಂತ ಸ್ಕ್ಯಾನ್ ನೋಡಿ ಯಾರೂ ಹೇಳಕ್ಕಾಗಲ್ಲ. ಲ್ಯಾಬೇ ಹೇಳಬೇಕು.' ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು. 'ತೆರೆದು ನೋಡಿದಾಗ ಎಲ್ಲಾ ಕಡೆ ಹರಡಿದ್ದು ಕಂಡರೆ, ಅವನನ್ನ ಎಬ್ಬಿಸಲಾ, ಬೇಡವಾ? ಆಗ ಫೋನ್ ಮಾಡಿ ಕೇಳೋಕೆ ಹೊತ್ತಿರಲ್ಲ, ಈಗಲೇ ಹೇಳಿ.'

ಅಣ್ಣ ನನ್ನ ಮುಖ ನೋಡಿದ. ಅಪ್ಪನಿಗೆ ಫೋನ್ ಮಾಡಿದೆವು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹರಡಿದ್ದರೆ ಎಬ್ಬಿಸಿ ನೋಯಿಸಬೇಡಿ. ಇಲ್ಲದಿದ್ದರೆ ಏನು ಬೇಕೋ ಮಾಡಿಸಿ' ಅಂದರು. ಅದನ್ನೇ ಬರೆದು ಸಹಿ ಹಾಕಿದೆವು. ಈ ಪ್ರಶ್ನೆಯನ್ನು ಆಪರೇಷನ್‌ಗೆ ಮೊದಲೇ ಕೇಳುವ ಡಾಕ್ಟರ್ ಸಿಕ್ಕಿದ್ದು ನಮ್ಮ ಭಾಗ್ಯ. ಕೇಳದಿದ್ದರೆ ನೀವೇ ಎತ್ತಿ ಮಾತಾಡಿ. ಆಪರೇಷನ್ ಬೇಡ ಅಂತ ಆ ರಾತ್ರಿ ನಿರ್ಧರಿಸುವ ಮನೆಯವರ ಮೇಲೂ ನನಗೆ ಯಾವ ದೂರೂ ಇಲ್ಲ. ಇದಕ್ಕೆ ಒಂದು ಲಕ್ಷದ ಹತ್ತಿರ ಖರ್ಚು ಬಂತು. ಎಲ್ಲರ ಕೈಯಲ್ಲೂ ಇರುವ ದುಡ್ಡಲ್ಲ. ಹೊತ್ತು ಇದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕಮ್ಮಿ ಖರ್ಚಿನಲ್ಲಿ ಚಿಕಿತ್ಸೆ ಆಗುತ್ತದೆ. ಹಳ್ಳಿ ಕಡೆ ಇರುವವರು 1962ಕ್ಕೆ ಫೋನ್ ಮಾಡಿದರೆ ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನದ ಸಂಪರ್ಕ ಸಿಗುತ್ತದೆ.

ಲಿವರ್ ಸ್ವಚ್ಛವಾಗಿತ್ತು. ಗುಲ್ಮ ಪೂರ್ತಿ ತೆಗೆದರು. ಬೆಳಗಿನ ಜಾವ ಹೊರಗೆ ಬಂದು ಮೇಡಂ ಹೇಳಿದಾಗ ಅಣ್ಣ ಗೋಡೆಗೆ ಒರಗಿ ಅತ್ತ. ಅವನು ಅತ್ತಿದ್ದನ್ನು ನಾನು ನೋಡಿದ್ದೇ ಕಮ್ಮಿ.

ಅಲ್ಲಿಗೆ ಮುಗಿಯಲಿಲ್ಲ. ಗುಲ್ಮ ತೆಗೆದ ಮೇಲಿನ ಒಂದೆರಡು ದಿನ ಹೃದಯದ ಬಡಿತ ಲಯ ತಪ್ಪುವುದು ಸಾಮಾನ್ಯವಂತೆ. ಕೆಂಚನಿಗೂ ಹಾಗೇ ಆಯಿತು. ಇಸಿಜಿ ಪರದೆಯಲ್ಲಿ ಸಣ್ಣ ಸಣ್ಣ ಗೆರೆಗಳ ನಡುವೆ ಅಗಲವಾದ ಒಂದು ಗೆರೆ ಇದ್ದಕ್ಕಿದ್ದಂತೆ ಎದ್ದು ಬೀಳುತ್ತಿತ್ತು. ಬರಬರುತ್ತಾ ಅಂಥವು ಸಾಲಾಗಿ ಬಂದವು. ಲಿಡೊಕೇನ್ ಡ್ರಿಪ್ ಹಾಕಿ ಹತೋಟಿಗೆ ತಂದರು. ಹಾಗಾಗಿ ಆಪರೇಷನ್ ಆದ ಕೂಡಲೇ ಮನೆಗೆ ಕರೆದುಕೊಂಡು ಹೋಗುತ್ತೇವೆ ಅಂತ ಹಟ ಮಾಡಬಾರದು. ನಿಗಾ ಇಡುವ ಆಸ್ಪತ್ರೆಯಲ್ಲೇ ಇರಲಿ. ಒಸಡಿಗೆ ಗುಲಾಬಿ ಬಣ್ಣ ಮೆಲ್ಲಗೆ ಮರಳಿತು. ಮೊದಲು ಕೋರೆಹಲ್ಲಿನ ಬುಡದಲ್ಲಿ ಕಾಣಿಸಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಲ್ಯಾಬ್ ರಿಪೋರ್ಟ್ ಬರುವವರೆಗೆ ಮನೆಯಲ್ಲಿ ಯಾರೂ ಆ ವಿಷಯ ಎತ್ತುತ್ತಿರಲಿಲ್ಲ. ಕೊನೆಗೆ ಬಂತು. ಕ್ಯಾನ್ಸರ್ ಅಲ್ಲ. ಕೆಟ್ಟದ್ದಲ್ಲದ ಬೆಳವಣಿಗೆಯೊಳಗೆ ರಕ್ತ ಕಟ್ಟಿಕೊಂಡು ಬಿರಿದದ್ದು. ಅಮ್ಮ ಗಣಪತಿಗೆ ಹೇಳಿಕೊಂಡಿದ್ದ ಈಡುಗಾಯಿ ಒಡೆಸಿದರು.

ಗುಲ್ಮ ಇಲ್ಲದ ನಾಯಿಯನ್ನು ನಮ್ಮ ಊರುಗಳಲ್ಲಿ ಸಾಕುವಾಗ ಒಂದು ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಉಣ್ಣೆ ಕಚ್ಚಿ ಬರುವ ಬೇಬೀಸಿಯಾ ಅನ್ನುವ ಪರಾವಲಂಬಿ ಕೆಂಪು ರಕ್ತಕಣದೊಳಗೆ ಸೇರಿಕೊಳ್ಳುತ್ತದೆ. ಅಂಥ ಕಣಗಳನ್ನು ಸೋಸಿ ತೆಗೆಯುವುದು ಗುಲ್ಮದ ಕೆಲಸ. ಅದಿಲ್ಲದಿದ್ದರೆ ಕಾಯಿಲೆ ಜೋರಾಗಿ ಬರುತ್ತದೆ, ಹಿಂದೆ ಬಂದು ಒಳಗೆ ಅಡಗಿದ್ದದ್ದೂ ಮತ್ತೆ ತಲೆ ಎತ್ತಬಹುದು. ಅದಕ್ಕೇ ಕೆಂಚನಿಗೆ 12 ವಾರಕ್ಕೊಮ್ಮೆ ಉಣ್ಣೆ ಸಾಯಿಸುವ ಫ್ಲೂರಾಲನರ್ ಮಾತ್ರೆ ತಪ್ಪುವುದಿಲ್ಲ. ಫಿಟ್ಸ್ ಇರುವ ನಾಯಿಗಳಿಗೆ ಈ ಜಾತಿಯ ಮಾತ್ರೆ ಕೊಡುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಸಂಜೆ ಹಿತ್ತಲಿಂದ ಬಂದ ಮೇಲೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕತ್ತಿನ ಪಟ್ಟಿಯ ಕೆಳಗೆ, ಬಾಲದ ಬುಡದಲ್ಲಿ ಕೈಯಾಡಿಸಿ ನೋಡುತ್ತೇನೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ಜ್ವರ ಬಂದು ಮಂಕಾದರೆ, ಆವತ್ತೇ ರಕ್ತದ ಸ್ಮಿಯರ್ (ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಮಾಡಿಸಬೇಕು ಅಂತ ಡಾಕ್ಟರ್ ಹೇಳಿದ್ದಾರೆ.

ನಮ್ಮ ತುಮಕೂರಿನ ಡಾಕ್ಟರ್ ಈಗ ಕ್ಲಿನಿಕ್‌ನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ರಕ್ತ ಕೊಡಬಲ್ಲ ನಾಯಿಗಳ ತೂಕ, ವಯಸ್ಸು, ಲಸಿಕೆಯ ದಿನಾಂಕ, ಮನೆಯವರ ಫೋನ್ ನಂಬರ್. ಶುರು ಮಾಡಿದ್ದು ಅತ್ತಿಗೆಯ ಒತ್ತಾಯಕ್ಕೆ. ಕೆಂಚ ಅದರಲ್ಲಿ ಸೇರುವ ಹಾಗಿಲ್ಲ, ವಯಸ್ಸೂ ಮೀರಿದೆ, ಒಮ್ಮೆ ರಕ್ತ ಪಡೆದ ನಾಯಿ ಕೊಡಲೂಬಾರದು. ನಮ್ಮ ಬೀದಿಯ ಕೊನೆ ಮನೆಯ ಎರಡು ಲ್ಯಾಬ್ರಡಾರ್‌ಗಳ ಹೆಸರು ಇದೆ, ಶೆಟ್ಟಿಹಳ್ಳಿ ಕಡೆಯ ಒಂದು ರಾಟ್‌ವೀಲರ್‌ನದು ಇದೆ. ಪಟ್ಟಿ ಇನ್ನೂ ಚಿಕ್ಕದು. ತುಮಕೂರಿನ ಆಸುಪಾಸಿನವರು ಯಾರಾದರೂ ಓದುತ್ತಿದ್ದು, ನಿಮ್ಮ ಮನೆಯಲ್ಲಿ ಗಟ್ಟಿಮುಟ್ಟಾದ ದೊಡ್ಡ ನಾಯಿ ಇದ್ದರೆ, ನೀವು ತೋರಿಸುವ ಡಾಕ್ಟರ್ ಹತ್ತಿರ ಇಂಥದ್ದೇ ಒಂದು ಪಟ್ಟಿ ಶುರು ಮಾಡಿಸಿ, ಮೊದಲ ಹೆಸರು ನಿಮ್ಮದೇ ಇರಲಿ.